ಗೇಜ್ ಅಂದರೆ ಎಷ್ಟು?

ಮುಂಬಯಿ, ಪುಣೆ, ಗೋವಾ ಕಡೆಯ ಓದುಗರ ಪ್ರಶ್ನೆಗಳನ್ನು ಈ ಸಲ ವಿಂಗಡಿಸುವಾಗ ಒಂದೇ ಶಬ್ದ ಮತ್ತೆ ಮತ್ತೆ ಎದುರಾಯಿತು. ತಗಡಿನ ಕೆಲಸದವರ ಪತ್ರದಲ್ಲಿ ಗೇಜ್, ಆಸ್ಪತ್ರೆಯಿಂದ ಬಂದ ಪತ್ರದಲ್ಲಿ ಗೇಜ್, ಸ್ವೆಟರ್ ಹೆಣೆಯುವವರ ಪತ್ರದಲ್ಲೂ ಗೇಜ್. ಹಾಗಾಗಿ ಅವನ್ನೆಲ್ಲ ಒಂದೇ ಕಡೆ ಸೇರಿಸಿದ್ದೇವೆ. ಉತ್ತರ ಬರೆದವರು ಆಯಾ ಕೆಲಸದಲ್ಲಿ ದಿನವೂ ಕೈಯಾಡಿಸುವವರು: ತಗಡು ಮತ್ತು ಟೂಲ್‌ರೂಮ್, ವೈರಿಂಗ್, ಮೋಟಾರ್ ರಿವೈಂಡಿಂಗ್, ಶುಶ್ರೂಷೆ, ಬಾಯ್ಲರ್, ರೈಲು, ಹೆಣಿಗೆ, ಹವಾಮಾನ, ಭಾಷಾಂತರ.

ಪ್ರಶ್ನೆ: ಎ.ಸಿ. ಡಕ್ಟ್ ಮಾಡಲು 22 ಗೇಜ್ ಜಿ.ಐ. (ಸತು ಲೇಪಿಸಿದ ಉಕ್ಕಿನ) ಶೀಟ್ ತರಿಸಿದೆ. ಸೈಟ್ ಎಂಜಿನಿಯರ್ ಮೈಕ್ರೋಮೀಟರ್ ಹಿಡಿದು ನೋಡಿ, ‘ಇದು 0.7, ನಮಗೆ ಬೇಕಾದದ್ದು 0.8’ ಎಂದು ವಾಪಸ್ ಕಳಿಸಿದರು. ಅಂಗಡಿಯವರು ‘22 ಅಂದರೆ ಇದೇ’ ಎಂದು ಪಟ್ಟು ಹಿಡಿದಿದ್ದಾರೆ. ಯಾರದು ಸರಿ? (ಭೋಸರಿ, ಪುಣೆ)

ಉತ್ತರ: ಇಬ್ಬರದೂ ಸರಿ, ತೊಡಕು ಇರುವುದೇ ಅಲ್ಲಿ. ಗೇಜ್ ಒಂದು ಪಟ್ಟಿಯ ಕ್ರಮಸಂಖ್ಯೆ. ಯಾವ ಪಟ್ಟಿ ಎಂದು ಹೇಳದೆ ಬರೀ ಸಂಖ್ಯೆ ಹೇಳಿದರೆ ದಪ್ಪ ತಿಳಿಯುವುದಿಲ್ಲ. ನಮ್ಮ ಪೇಟೆಯ ಸಾಮಾನ್ಯ ಶೀಟ್ ಬ್ರಿಟಿಷರ ಸ್ಟ್ಯಾಂಡರ್ಡ್ ವೈರ್ ಗೇಜ್ ಅನುಸರಿಸಿ ಮಾರಾಟವಾಗುತ್ತದೆ. ಕೆಲಸಗಾರರ ಬಾಯಲ್ಲಿ ಅದು ಎಸ್‌ಡಬ್ಲ್ಯುಜಿ. ಅದರಲ್ಲಿ 22 ಎಂದರೆ 0.711 ಮಿ.ಮೀ. ಡಕ್ಟ್ ಡ್ರಾಯಿಂಗ್ ಮಾಡುವವರು ಡಕ್ಟ್‌ಗಳ ಭಾರತೀಯ ಮಾನಕವಾದ ಐ.ಎಸ್. 655 ನೋಡಿ ಬರೆಯುತ್ತಾರೆ. ಅಲ್ಲಿಯ ಲೆಕ್ಕದಲ್ಲಿ 24 ಗೇಜ್‌ಗೆ 0.63, 22ಕ್ಕೆ 0.80, 20ಕ್ಕೆ 1.00, 18ಕ್ಕೆ 1.25 ಮಿ.ಮೀ. ಹೊರದೇಶದ ಡ್ರಾಯಿಂಗ್ ಕೈಗೆ ಬಂದರೆ ಗೊಂದಲ ಇನ್ನೂ ಹೆಚ್ಚು. ಅಮೆರಿಕದಲ್ಲಿ ಒಂದೊಂದು ಲೋಹಕ್ಕೆ ಒಂದೊಂದು ಪಟ್ಟಿ: 22 ಗೇಜ್ ಅಲ್ಯುಮಿನಿಯಂ 0.64, ಸಾದಾ ಉಕ್ಕು 0.76, ಸ್ಟೇನ್‌ಲೆಸ್ 0.79, ಗ್ಯಾಲ್ವನೈಸ್ಡ್ 0.85. ಅಂದರೆ ‘22 ಗೇಜ್’ ಎಂದು ಬರೆದ ಆರ್ಡರಿಗೆ ಆರು ದಪ್ಪದ ಶೀಟ್ ಬರಬಹುದು, ಆರೂ ತಪ್ಪಲ್ಲ.

ಇನ್ನು ಮುಂದೆ ಆರ್ಡರಿನಲ್ಲಿ ಮಿಲಿಮೀಟರ್ ಬರೆಯಿರಿ, ಗೇಜ್ ಬೇಕಿದ್ದರೆ ಅದರ ಪಕ್ಕದಲ್ಲಿರಲಿ. ‘0.80 ಮಿ.ಮೀ., ಸತುವಿನ ಲೇಪ 275 ಜಿಎಸ್‌ಎಂ’ ಎಂದು ಸ್ಪಷ್ಟವಾಗಿ ಬರೆದರೆ ವಾದಕ್ಕೆ ಎಡೆ ಇರದು. 275 ಎಂಬುದು ಒಂದು ಚದರ ಮೀಟರ್ ಶೀಟಿಗೆ ಎರಡೂ ಮೈ ಸೇರಿದ ಸತುವಿನ ತೂಕ ಗ್ರಾಮಿನಲ್ಲಿ, ಎರಡೂ ಕೂಡಿ ಸುಮಾರು 0.04 ಮಿ.ಮೀ. ದಪ್ಪ. ಮೈಕ್ರೋಮೀಟರ್ ತೋರಿಸುವ ಅಂಕಿಯಲ್ಲಿ ಈ ಸತುವೂ ಸೇರಿರುತ್ತದೆ.

ಅಳೆಯುವ ರೀತಿಯಲ್ಲೂ ಜನ ಎಡವುತ್ತಾರೆ. ಶೀಟಿನ ಅಂಚಿಗೆ ವರ್ನಿಯರ್ ಕಚ್ಚಿಸಿ ನೋಡುವುದು ಎಲ್ಲ ಕಡೆ ಇರುವ ಅಭ್ಯಾಸ. ಕತ್ತರಿಸಿದ ಅಂಚಿನಲ್ಲಿ ಬರ್ (ಚೂಪಾದ ಏಣು) ಎದ್ದಿರುತ್ತದೆ, ವರ್ನಿಯರಿನ ದವಡೆ ಅದರ ಮೇಲೆ ಕೂತು ದಪ್ಪವನ್ನು ಹೆಚ್ಚು ತೋರಿಸುತ್ತದೆ. ಅಂಚಿನಿಂದ 25 ಮಿ.ಮೀ. ಆದರೂ ಒಳಗೆ, ಮೂರು ಕಡೆ, ಮೈಕ್ರೋಮೀಟರಿನಿಂದಲೇ ಅಳೆಯಿರಿ. ಲಾರಿ ತುಂಬ ಶೀಟ್ ಬಂದಾಗ ತೂಕ ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ. ಒಂದು ಚದರ ಮೀಟರ್ ಉಕ್ಕು ಪ್ರತಿ ಮಿಲಿಮೀಟರ್ ದಪ್ಪಕ್ಕೆ 7.85 ಕಿಲೋ ತೂಗುತ್ತದೆ. 8 ಅಡಿ ಉದ್ದ, 4 ಅಡಿ ಅಗಲದ ಶೀಟಿಗೆ ಅದು 23.3 ಕಿಲೋ ಆಗುತ್ತದೆ. ಹಾಗಾಗಿ 0.8ರ ಶೀಟ್ 18.7 ಕಿಲೋ ತೂಗಬೇಕು, 0.7ರದು 16.3. ಹತ್ತು ಶೀಟ್ ಒಟ್ಟಿಗೆ ತೂಗಿದರೆ 23 ಕಿಲೋ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಪ್ರಶ್ನೆ: ಸಂಖ್ಯೆ ದೊಡ್ಡದಾದಷ್ಟೂ ತಂತಿ ತೆಳ್ಳಗೆ. ಯಾಕೆ ಹೀಗೆ ಉಲ್ಟಾ? (ಕಲ್ಯಾಣ)

ಉತ್ತರ: ತಂತಿ ಎಳೆಯುವ ಕಸುಬಿನಿಂದ ಬಂದ ಎಣಿಕೆ ಇದು. ಅಕ್ಕಸಾಲಿಗರ ಕಂಬಚ್ಚು ನೋಡಿದ್ದರೆ ತಟ್ಟನೆ ಅರ್ಥವಾಗುತ್ತದೆ. ಅದೊಂದು ಉಕ್ಕಿನ ಪಟ್ಟಿ, ಒಂದಕ್ಕಿಂತ ಒಂದು ಸಣ್ಣದಾಗುತ್ತ ಹೋಗುವ ತೂತುಗಳ ಸಾಲು ಅದರಲ್ಲಿರುತ್ತದೆ. ಕಂಬಿಯ ತುದಿಯನ್ನು ಅರದಿಂದ ಉಜ್ಜಿ ಚೂಪು ಮಾಡಿ, ಮೊದಲ ತೂತಿನಲ್ಲಿ ತೂರಿಸಿ, ಇಕ್ಕಳದಿಂದ ಎಳೆಯಬೇಕು. ಆಮೇಲೆ ಎರಡನೆಯದು, ಮೂರನೆಯದು. ನಡುನಡುವೆ ಕಾಯಿಸಿ ಮೆದು ಮಾಡದಿದ್ದರೆ ಕಂಬಿ ಪಟ್ಟೆಂದು ತುಂಡಾಗುತ್ತದೆ. ಇಪ್ಪತ್ತು ತೂತು ದಾಟಿದ ತಂತಿ ಹತ್ತು ತೂತು ದಾಟಿದ್ದಕ್ಕಿಂತ ತೆಳ್ಳಗಿರಲೇಬೇಕಲ್ಲ. ಬ್ರಿಟನ್ನಿನಲ್ಲಿ ಒಂದೊಂದು ಊರಿನ ಪಟ್ಟಿಯೂ ಬೇರೆ ಬೇರೆ ಆಗಿದ್ದುದರಿಂದ 1883ರಲ್ಲಿ ಸರ್ಕಾರಿ ಆದೇಶ ಹೊರಡಿಸಿ ಎಸ್‌ಡಬ್ಲ್ಯುಜಿ ನಿಗದಿ ಮಾಡಿದರು.

ಕೊಡಗಿನವರಿಗೆ ಗೊತ್ತಿರುವ 12 ಬೋರ್ ಕೋವಿಯದೂ ಉಲ್ಟಾ ಲೆಕ್ಕವೇ, ಕಾರಣ ಮಾತ್ರ ಬೇರೆ. ಒಂದು ಪೌಂಡ್ ಸೀಸವನ್ನು ಸಮನಾಗಿ 12 ಗುಂಡು ಮಾಡಿದರೆ ಒಂದೊಂದು ಗುಂಡಿನ ಅಡ್ಡಳತೆ ಎಷ್ಟೋ, ನಳಿಗೆಯ ಬಾಯಿಯೂ ಅಷ್ಟು: ಸುಮಾರು 18.5 ಮಿ.ಮೀ. ಅದೇ ಸೀಸದಲ್ಲಿ 20 ಗುಂಡು ಮಾಡಿದರೆ ಗುಂಡು ಸಣ್ಣದು, 20 ಬೋರ್ ನಳಿಗೆಯೂ ಸಣ್ಣದು.

ಪ್ರಶ್ನೆ: ನಮ್ಮದು ಹಳೆಯ ಬಿಲ್ಡಿಂಗ್. ಗೀಸರ್ ಹಾಕಲು ಬಂದ ಎಲೆಕ್ಟ್ರಿಷಿಯನ್ ‘ಒಳಗೆ ತೀನ್ ಬಾಯೀಸ್ ಇದೆ, ಆಗೋದಿಲ್ಲ’ ಎಂದು ಹೋದ. ಏನು ಹಾಗೆಂದರೆ? (ಡೊಂಬಿವಲಿ)

ಉತ್ತರ: 3/22 ಎಂದರೆ 22 ಗೇಜಿನ ಮೂರು ಎಳೆ ಹೊಸೆದ ವೈರ್. ಈಗ ಎಲ್ಲವೂ ಚದರ ಮಿಲಿಮೀಟರಿನಲ್ಲಿ ಸಿಗುತ್ತದಾದರೂ ಮುಂಬಯಿಯ ಲೋಹಾರ್ ಚಾಳಿನ ಅಂಗಡಿಗಳಲ್ಲಿ ಹಳಬರು ಕೇಳುವುದು ಹೀಗೆಯೇ. ತಾಳೆ ನೋಡುವುದು ಸುಲಭ. 22 ಗೇಜಿನ ಒಂದು ಎಳೆಗೆ 0.397 ಚ.ಮಿ.ಮೀ. ಕೊಯ್ತ (ಅಡ್ಡ ಕತ್ತರಿಸಿದ ಮುಖದ ವಿಸ್ತೀರ್ಣ), ಮೂರಕ್ಕೆ 1.19. ‘ತೀನ್ ಬೀಸ್’, ಅಂದರೆ 3/20, 1.97 ಚ.ಮಿ.ಮೀ. ‘ಸಾತ್ ಬಾಯೀಸ್’ 2.78. ‘ಸಾತ್ ಬೀಸ್’ 4.6. ಒಂಟಿ ಎಳೆಯ 1/18 ಎಂದರೆ 1.17, ದೀಪ-ಫ್ಯಾನಿಗೆ ಮಾತ್ರ.

2 ಕಿಲೋವ್ಯಾಟ್ ಗೀಸರ್ 230 ವೋಲ್ಟಿನಲ್ಲಿ 8.7 ಆಂಪಿಯರ್ ಎಳೆಯುತ್ತದೆ, 3 ಕಿಲೋವ್ಯಾಟಿನದು 13. ಗೀಸರ್ ಪಾಯಿಂಟಿಗೆ ಕಡಿಮೆಯೆಂದರೂ 2.5 ಚ.ಮಿ.ಮೀ. ತಾಮ್ರ, ಮೀಟರ್ ದೂರವಿದ್ದರೆ ಅಥವಾ ದೊಡ್ಡ ಗೀಸರ್ ಆದರೆ 4 ಹಾಕಬೇಕು. ನಿಮ್ಮ ಎಲೆಕ್ಟ್ರಿಷಿಯನ್ ಬೇಡವೆಂದದ್ದು ಒಳ್ಳೆಯದೇ ಆಯಿತು. ಹಳೆಯ ವೈರನ್ನು ಹಾಗೇ ಬಿಟ್ಟು, ಟ್ರಿಪ್ ಆಗುತ್ತದೆಂದು ದೊಡ್ಡ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಕೂರಿಸುವವರೂ ಇದ್ದಾರೆ. ಎಂಸಿಬಿ ಇರುವುದು ಗೋಡೆಯೊಳಗಿನ ವೈರನ್ನು ಕಾಯಲು. 1.19ರ ವೈರಿಗೆ 32 ಆಂಪಿಯರ್ ಎಂಸಿಬಿ ಹಾಕಿದರೆ ವೈರ್ ಕಾದು ಇನ್ಸುಲೇಶನ್ ಕರಗಿದರೂ ಅದು ಬೀಳುವುದಿಲ್ಲ.

ಇನ್ನೊಂದನ್ನು ನೋಡಿಕೊಳ್ಳಿ. ಹಳೆಯ ವೈರ್ ಬೆಳ್ಳಗಿದ್ದರೆ ಅಲ್ಯುಮಿನಿಯಂ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ರಬ್ಬರ್ ಇನ್ಸುಲೇಶನ್ ಕಾಲದ ತಾಮ್ರಕ್ಕೆ ತವರದ ಲೇಪ ಇರುತ್ತಿತ್ತು, ಏಕೆಂದರೆ ರಬ್ಬರಿನ ಗಂಧಕ ತಾಮ್ರವನ್ನು ತಿನ್ನುತ್ತದೆ. ಮೇನ್ ಆಫ್ ಮಾಡಿ, ಚಾಕುವಿನಿಂದ ಕೆರೆದು ನೋಡಿ. ಒಳಗೆ ಕೆಂಪು ಕಂಡರೆ ತಾಮ್ರ. ಆದರೆ ಆ ರಬ್ಬರ್ ಬಗ್ಗಿಸಿದಾಗ ಪುಡಿಯಾಗಿ ಉದುರುತ್ತಿದ್ದರೆ ಗೇಜ್ ಎಷ್ಟೇ ಇರಲಿ, ಇಡೀ ವೈರಿಂಗ್ ಬದಲಿಸಬೇಕು.

ಪ್ರಶ್ನೆ: 20 ಗೇಜ್ ತಂತಿ ಸಿಗದಿದ್ದಾಗ ‘ಮೂರು ಗೇಜ್ ಇಳಿದು ಎರಡು ಎಳೆ ಹಾಕು’ ಎನ್ನುತ್ತಾರೆ. ಹಾಗೆ 23ರ ಎರಡೆಳೆ ಹಾಕಿ ರಿವೈಂಡ್ ಮಾಡಿದ ಪಂಪ್ ಮೋಟಾರ್ ಬಿಸಿಯಾಗುತ್ತಿದೆ. (ಚಿಂಚವಡ)

ಉತ್ತರ: ಆ ಸೂತ್ರ ನಿಜವೇ, ಆದರೆ ಬೇರೆ ಪಟ್ಟಿಯದು. ಅಮೆರಿಕನ್ ವೈರ್ ಗೇಜಿನಲ್ಲಿ ಮೆಟ್ಟಿಲುಗಳೆಲ್ಲ ಒಂದೇ ಅನುಪಾತದವು. 0000 ಎಂದರೆ 11.684 ಮಿ.ಮೀ., 36 ಎಂದರೆ 0.127 ಮಿ.ಮೀ., ನಡುವೆ 39 ಸಮ ಅನುಪಾತದ ಹೆಜ್ಜೆ. ಆದ್ದರಿಂದ ಮೂರು ಹೆಜ್ಜೆ ಇಳಿದರೆ ಕೊಯ್ತ ಹೆಚ್ಚುಕಮ್ಮಿ ಅರ್ಧ, ಆರು ಹೆಜ್ಜೆ ಇಳಿದರೆ ವ್ಯಾಸ ಅರ್ಧ. ಎಸ್‌ಡಬ್ಲ್ಯುಜಿ ಹಾಗಿಲ್ಲ, ಅದರ ಮೆಟ್ಟಿಲುಗಳ ಎತ್ತರ ಒಂದೊಂದು ಕಡೆ ಒಂದೊಂದು ಥರ. ಎಸ್‌ಡಬ್ಲ್ಯುಜಿ 20ರ ಕೊಯ್ತ 0.657. 23ರದು 0.292, ಎರಡೆಳೆಗೆ 0.584. ತಾಮ್ರ 11 ಶೇಕಡಾ ಕಡಿಮೆಯಾಯಿತು. ಅದೇ ಕರೆಂಟಿಗೆ ತಂತಿಯಲ್ಲಿ ಹುಟ್ಟುವ ಶಾಖ 12 ಶೇಕಡಾಕ್ಕೂ ಹೆಚ್ಚಾಯಿತು. 22ರ ಎರಡೆಳೆ ಹಾಕಿದರೆ 0.794, ಮೋಟಾರಿನ ಸ್ಲಾಟಿನಲ್ಲಿ ತುರುಕಲು ಹೋಗಿ ತಂತಿಯ ಮೇಲಿನ ಎನಾಮಲ್ ಲೇಪ ಕೀಳುತ್ತದೆ. 22ರದೊಂದು, 23ರದೊಂದು ಕೂಡಿಸಿ ಸುತ್ತಿ: 0.689. ಐದು ಶೇಕಡಾ ಹೆಚ್ಚು, ಸ್ಲಾಟಿನಲ್ಲಿ ಜಾಗವಿದ್ದರೆ ಮೋಟಾರಿಗೆ ಒಳ್ಳೆಯದೇ.

ಹಳೆಯ ತಂತಿಯ ಗೇಜ್ ಹಿಡಿಯುವಾಗ ಎನಾಮಲ್ ತೆಗೆದೇ ಅಳೆಯಿರಿ. ಲೈಟರಿನಲ್ಲಿ ಸುಟ್ಟು, ಬಟ್ಟೆಯಿಂದ ಒರೆಸಿದರೆ ಸಾಕು. ಗಟ್ಟಿ ಪಾಲಿಶ್ ಕಾಗದ ಬೇಡ, ಅದು ತಾಮ್ರವನ್ನೂ ಸವೆಸುತ್ತದೆ. ಎನಾಮಲ್ ಸಮೇತ ಅಳೆದರೆ ತಂತಿ ನಿಜಕ್ಕಿಂತ ದಪ್ಪ ಕಾಣುತ್ತದೆ, ತರುವಾಗ ಒಂದು ಗೇಜ್ ಏರುಪೇರಾಗುತ್ತದೆ.

ಪ್ರಶ್ನೆ: ಅಮ್ಮನಿಗೆ ಮೊದಲು ಹಾಕಿದ ಕ್ಯಾನುಲಾ (ರಕ್ತನಾಳಕ್ಕೆ ಚುಚ್ಚಿಡುವ ಕೊಳವೆ) ಹಳದಿ. ಆಪರೇಶನ್ನಿಗೆ ಮುಂಚೆ ಅದನ್ನು ತೆಗೆದು ಹಸಿರು ಹಾಕಿದರು. ಮತ್ತೆ ಯಾಕೆ ಚುಚ್ಚಬೇಕಿತ್ತು? (ಠಾಣೆ)

ಉತ್ತರ: ಬಣ್ಣ ಗೇಜಿನ ಗುರುತು. ಕ್ಯಾನುಲಾದಲ್ಲಿ ಹಳದಿ 24, ನೀಲಿ 22, ಗುಲಾಬಿ 20, ಹಸಿರು 18, ಬೂದು 16, ಕಿತ್ತಳೆ 14. ಹಳದಿ ಬಲು ಸಣ್ಣದು, ಮಕ್ಕಳಿಗೆ ಮತ್ತು ಸೂಕ್ಷ್ಮ ರಕ್ತನಾಳದ ವಯಸ್ಸಾದವರಿಗೆ ಹಾಕುವಂಥದು. ನಿಧಾನಕ್ಕೆ ಇಳಿಯುವ ಔಷಧಿಗೆ ಅದು ಸಾಕು. ಆಪರೇಶನ್ ನಡುವೆ ರಕ್ತ ಹೋದರೆ ದ್ರವವನ್ನೂ ರಕ್ತವನ್ನೂ ಬೇಗ ತುಂಬಬೇಕಾಗುತ್ತದೆ. ಕೊಳವೆಯೊಳಗಿನ ಹರಿವು ತ್ರಿಜ್ಯದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರಿಳಿಯುತ್ತದೆ. ಉದ್ದವೂ ಒತ್ತಡವೂ ಅಷ್ಟೇ ಇದ್ದು, ಒಳವ್ಯಾಸ ಅರ್ಧವಾದರೆ ಹರಿವು ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ಬಾಟಲಿ ಎಷ್ಟು ಎತ್ತರಕ್ಕೆ ತೂಗುಹಾಕಿದರೂ ಆ ನಷ್ಟ ತುಂಬುವುದಿಲ್ಲ. ಅದಕ್ಕೇ ಮೊದಲೇ ದೊಡ್ಡದನ್ನು ಹಾಕಿಡುತ್ತಾರೆ. ತುರ್ತಿನ ಹೊತ್ತಿಗೆ ರಕ್ತದೊತ್ತಡ ಬಿದ್ದು ನರ ಸಿಗುವುದೇ ಕಷ್ಟವಾಗುತ್ತದೆ.

ಮನೆಯಲ್ಲಿ ಶುಶ್ರೂಷೆ ಮಾಡುವವರು ಒಂದನ್ನು ನೆನಪಿಡಬೇಕು. ಇಂಜೆಕ್ಷನ್ ಸೂಜಿಯ ಬಣ್ಣಗಳ ಕ್ರಮ ಬೇರೆ. ಗುಲಾಬಿ ಕ್ಯಾನುಲಾ 20 ಆದರೆ ಗುಲಾಬಿ ಸೂಜಿ 18. ಹಸಿರು ಕ್ಯಾನುಲಾ 18 ಆದರೆ ಹಸಿರು ಸೂಜಿ 21. ಔಷಧ ಅಂಗಡಿಯಲ್ಲಿ ಬಣ್ಣ ಹೇಳಿ ಕೇಳಬೇಡಿ, ಪೊಟ್ಟಣದ ಮೇಲಿನ ಅಂಕಿ ಓದಿ. ಇನ್ಸುಲಿನ್ ಸೂಜಿ 31 ಗೇಜ್ ಎಂದರೆ ಕಾಲು ಮಿಲಿಮೀಟರ್ ದಪ್ಪ, 18ರ ಸೂಜಿ ಸುಮಾರು 1.2 ಮಿ.ಮೀ. ಮೂತ್ರದ ಕ್ಯಾಥೆಟರಿನದು ಇದಕ್ಕೆ ತಿರುಗುಮುರುಗು. ಅಲ್ಲಿಯ ಅಳತೆ ಫ್ರೆಂಚ್ ಗೇಜ್, ಸಂಖ್ಯೆಯನ್ನು ಮೂರರಿಂದ ಭಾಗಿಸಿದರೆ ಹೊರವ್ಯಾಸ ಮಿಲಿಮೀಟರಿನಲ್ಲಿ ಸಿಗುತ್ತದೆ. 16 ಫ್ರೆಂಚ್ ಎಂದರೆ 5.3 ಮಿ.ಮೀ. ಇಲ್ಲಿ ಸಂಖ್ಯೆ ಏರಿದಷ್ಟೂ ಕೊಳವೆ ದಪ್ಪ.

ಪ್ರಶ್ನೆ: ಮಳೆಗಾಲಕ್ಕೆ ಗ್ಯಾಲರಿಗೆ ಕಟ್ಟಲು ಪ್ಲಾಸ್ಟಿಕ್ ಶೀಟ್ ಕೇಳಿದರೆ 200 ಗೇಜ್, 400 ಗೇಜ್ ಎನ್ನುತ್ತಾರೆ. ಯಾವುದು ದಪ್ಪ? (ಮಲಾಡ್)

ಉತ್ತರ: 400. ಪಾಲಿಥೀನ್ ಗೇಜ್ ನೇರ ಲೆಕ್ಕದ್ದು: ಒಂದು ಇಂಚಿನ ಲಕ್ಷದಲ್ಲೊಂದು ಭಾಗ. ನಾಲ್ಕರಿಂದ ಭಾಗಿಸಿದರೆ ಹೆಚ್ಚುಕಮ್ಮಿ ಮೈಕ್ರಾನ್ ಬರುತ್ತದೆ. 200 ಗೇಜ್ 50 ಮೈಕ್ರಾನ್, 400 ಗೇಜ್ 100. ಜೂನಿನ ಗಾಳಿಗೆ 200 ನಿಲ್ಲದು, ಹಗ್ಗ ಕಟ್ಟಿದ ತೂತಿನಿಂದಲೇ ಸೀಳಲು ಶುರುವಾಗುತ್ತದೆ. ಅಂಚನ್ನು ಎರಡು ಸಲ ಮಡಚಿ, ಮಡಿಕೆಯಲ್ಲಿ ತೂತು ಮಾಡಿ.

ಪ್ರಶ್ನೆ: ನಮ್ಮ ಹೋಟೆಲ್ ಲಾಂಡ್ರಿಯ ಬಾಯ್ಲರ್ ಪ್ರೆಶರ್ ಗೇಜ್ ಪದೇ ಪದೇ ಕೆಡುತ್ತದೆ. ಮುಳ್ಳು ಸೊನ್ನೆಗೆ ಇಳಿಯುವುದೇ ಇಲ್ಲ. (ಮಡಗಾಂವ್, ಗೋವಾ)

ಉತ್ತರ: ಗೇಜಿಗೂ ಸ್ಟೀಮ್ ಲೈನಿಗೂ ನಡುವೆ ಸೈಫನ್ ಇದೆಯೇ ನೋಡಿ. ಹಂದಿಬಾಲದಂತೆ ಸುರುಳಿ ಸುತ್ತಿದ ಅಥವಾ ಯು ಆಕಾರದ ಕೊಳವೆ ಅದು. ಗೇಜಿನ ಒಳಗಿರುವುದು ಬಾಗಿದ ಚಪ್ಪಟೆ ಲೋಹದ ಕೊಳವೆ, ಬೂರ್ಡೋನ್ ಎಂಬ ಫ್ರೆಂಚ್ ತಂತ್ರಜ್ಞ 1849ರಲ್ಲಿ ಪೇಟೆಂಟ್ ಪಡೆದದ್ದು. ಒತ್ತಡ ಏರಿದಾಗ ಅದು ನೆಟ್ಟಗಾಗಲು ನೋಡುತ್ತದೆ, ಆ ಚಲನೆಯೇ ಮುಳ್ಳನ್ನು ತಿರುಗಿಸುತ್ತದೆ. ಬಿಸಿ ಸ್ಟೀಮ್ ನೇರವಾಗಿ ಒಳಹೊಕ್ಕರೆ ಕೊಳವೆಯ ಸ್ಪ್ರಿಂಗ್ ಗುಣ ಹಾಳಾಗಿ, ಒತ್ತಡ ಇಳಿದರೂ ಹಳೆಯ ಬಾಗಿಗೆ ಮರಳುವುದಿಲ್ಲ. ನಿಮ್ಮ ಮುಳ್ಳು ಸೊನ್ನೆಗೆ ಬಾರದಿರಲು ಇದೇ ಕಾರಣ ಇರುವ ಸಾಧ್ಯತೆ ಹೆಚ್ಚು. ಸೈಫನ್ನಿನಲ್ಲಿ ನಿಂತ ನೀರು ಸ್ಟೀಮನ್ನು ತಡೆದು ಒತ್ತಡವನ್ನಷ್ಟೇ ದಾಟಿಸುತ್ತದೆ. ಹೊಸ ಗೇಜ್ ಕೂರಿಸುವ ದಿನ ಸೈಫನ್ನಿಗೆ ಕೈಯಾರೆ ನೀರು ತುಂಬಿ, ಕಾಕ್ ಮೆಲ್ಲಗೆ ತೆರೆಯಿರಿ. ನೀರಿಲ್ಲದೆ ತೆರೆದರೆ ಮೊದಲ ದಿನವೇ ಗೇಜಿಗೆ ಪೆಟ್ಟು ಬೀಳುತ್ತದೆ.

ರೇಂಜ್ ಕೂಡ ಮುಖ್ಯ. 4 ಬಾರ್‌ನಲ್ಲಿ ಓಡುವ ಬಾಯ್ಲರಿಗೆ 0–7 ಗೇಜ್ ಸರಿ. ಮುಳ್ಳು ಡಯಲಿನ ನಡುಭಾಗದ ಸುತ್ತ ಇದ್ದರೆ ಓದಲೂ ಸುಲಭ, ಬಾಳಿಕೆಯೂ ಹೆಚ್ಚು. ಮತ್ತೆ, ಗೇಜ್ ತೋರಿಸುವುದು ಗಾಳಿಯ ಒತ್ತಡಕ್ಕಿಂತ ಎಷ್ಟು ಹೆಚ್ಚು ಎಂಬುದನ್ನು. ಸ್ಟೀಮ್ ಟೇಬಲ್ (ಒತ್ತಡಕ್ಕೆ ತಕ್ಕ ಉಷ್ಣತೆ ಕೊಡುವ ಪಟ್ಟಿ) ನೋಡುವಾಗ ಅದಕ್ಕೆ 1 ಕೂಡಿಸಬೇಕು. ಗೇಜ್ 4 ತೋರಿಸುತ್ತಿದ್ದರೆ ಟೇಬಲ್ಲಿನಲ್ಲಿ 5ರ ಸಾಲು, ಸ್ಟೀಮಿನ ಉಷ್ಣತೆ 152 ಡಿಗ್ರಿ. ಕೂಡಿಸಲು ಮರೆತವರಿಗೆ 144 ಸಿಗುತ್ತದೆ. ಇಸ್ತ್ರಿ ಯಂತ್ರದಲ್ಲಿ ಆ ಎಂಟು ಡಿಗ್ರಿ ಬಟ್ಟೆಯ ಮೇಲೆಯೇ ಕಾಣುತ್ತದೆ.

ಪ್ರಶ್ನೆ: ಮುಂಬಯಿ ಲೋಕಲ್ಲಿನ ಹಳಿಯ ಮೇಲೆ ಮೆಟ್ರೋ ಓಡಬಹುದೇ? (ವಾಸ್ಕೋ)

ಉತ್ತರ: ಆಗದು. ಲೋಕಲ್ ಓಡುವುದು ಬ್ರಾಡ್‌ಗೇಜಿನಲ್ಲಿ, 1676 ಮಿ.ಮೀ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೊರಟ ಮೊದಲ ಪ್ರಯಾಣಿಕ ರೈಲಿನ ಅಗಲವೂ ಅದೇ. ಮುಂಬಯಿ, ಪುಣೆಗಳ ಮೆಟ್ರೋ ಸ್ಟ್ಯಾಂಡರ್ಡ್ ಗೇಜ್, 1435. ವ್ಯತ್ಯಾಸ 241 ಮಿ.ಮೀ., ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು. ನೇರಳ್–ಮಾಥೇರಾನ್ ಪುಟ್ಟ ರೈಲಿನದು ಬರೀ 610, ಕಡಿದಾದ ತಿರುವುಗಳಲ್ಲಿ ಬೆಟ್ಟ ಹತ್ತಬೇಕಲ್ಲ. ಈ ಅಂತರವನ್ನು ಎರಡೂ ಹಳಿಗಳ ಒಳಮೈಯಿಂದ ಒಳಮೈಗೆ ಅಳೆಯುತ್ತಾರೆ, ಚಕ್ರದ ಅಂಚುಪಟ್ಟಿ ತಾಗಿ ಓಡುವುದು ಅಲ್ಲಿ.

ನಿಮ್ಮ ವಾಸ್ಕೋದಿಂದ ದೂಧಸಾಗರ ದಾಟಿ ಕ್ಯಾಸಲ್‌ರಾಕ್, ಲೋಂಡಾಕ್ಕೆ ಏರುವ ದಾರಿ 1990ರ ದಶಕದವರೆಗೂ ಮೀಟರ್‌ಗೇಜ್ ಆಗಿತ್ತು. ಮಿರಜ್ ನಿಲ್ದಾಣದಲ್ಲಿ ಒಂದು ಕಾಲಕ್ಕೆ ಬ್ರಾಡ್, ಮೀಟರ್, ನ್ಯಾರೋ ಮೂರೂ ಇದ್ದವು. ಗೇಜ್ ಬದಲಾದಲ್ಲಿ ಮೂಟೆ ಮೂಟೆ ಇಳಿಸಿ ಇನ್ನೊಂದು ವ್ಯಾಗನ್ನಿಗೆ ಹೇರಬೇಕಿತ್ತು. ಹಮಾಲರ ಕೂಲಿ, ಒಡೆದ ಸರಕು, ಕಾದು ನಿಂತ ದಿನಗಳು, ಎಲ್ಲ ಸೇರಿ ಸಾಗಣೆ ದುಬಾರಿಯಾಗುತ್ತಿತ್ತು.

ಪ್ರಶ್ನೆ: ಅಲ್ಯುಮಿನಿಯಂ ಹೌಸಿಂಗಿನ 20 ಎಚ್7 ಹೋಲ್. ಸಂಜೆ ಮೆಷಿನಿನ ಹತ್ತಿರ ಪ್ಲಗ್ ಗೇಜಿನ (ತೂತಿನ ಅಳತೆ ನೋಡುವ ಉರುಳೆಯ) ‘ಗೋ’ ಸಲೀಸಾಗಿ ಹೋಗಿತ್ತು. ಬೆಳಿಗ್ಗೆ ಇನ್‌ಸ್ಪೆಕ್ಷನ್ನಿನಲ್ಲಿ ಹೋಗುತ್ತಿಲ್ಲ. (ಚಾಕಣ್)

ಉತ್ತರ: ಹೌಸಿಂಗ್ ಬಿಸಿಯಿರುವಾಗ ಗೇಜ್ ಹಾಕಿದ್ದೀರಿ. 20 ಎಚ್7 ಎಂದರೆ ಹೋಲಿನ ವ್ಯಾಸ 20.000ದಿಂದ 20.021 ಮಿ.ಮೀ.ವರೆಗೆ. ಒಳಗೆ ಹೋಗಲೇಬೇಕಾದ ‘ಗೋ’ ತುದಿ ಕೆಳಮಿತಿಯದು, ಹೋಗಬಾರದ ಕೆಂಪು ಗುರುತಿನ ಗಿಡ್ಡ ‘ನೋಗೋ’ ತುದಿ ಮೇಲ್ಮಿತಿಯದು. ಮಾಪನದ ಉಷ್ಣತೆ ಜಗತ್ತಿನಾದ್ಯಂತ 20 ಡಿಗ್ರಿ. ಅಲ್ಯುಮಿನಿಯಂ ಮೀಟರಿಗೆ ಡಿಗ್ರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. ಹೋಲ್ 60 ಡಿಗ್ರಿಯಲ್ಲಿದ್ದರೆ 18 ಮೈಕ್ರಾನ್ ದೊಡ್ಡದು. ತಣ್ಣಗಾದಾಗ 19.990 ಇರುವ ಹೋಲ್ ಸಂಜೆ 20.008 ಇತ್ತು, ‘ಗೋ’ ಒಳಗೆ ಹೋಯಿತು. ಉಕ್ಕಿನ ಗೇಜ್ ಅಷ್ಟು ಹಿಗ್ಗುವುದಿಲ್ಲ, ಹಾಗಾಗಿ ತಪ್ಪು ಅಲ್ಲೇ ಗೊತ್ತಾಗಲಿಲ್ಲ.

ಕೂಲೆಂಟ್ ಹಾಯಿಸಿ ತೊಳೆದು, ಕೋಣೆಯ ಉಷ್ಣತೆಗೆ ಬಂದ ಮೇಲೆ ಅಳೆಯಿರಿ. ಗೇಜನ್ನು ಅಂಗೈಯಲ್ಲಿ ಹಿಡಿದುಕೊಂಡೇ ಇರಬೇಡಿ. ಹೋಲ್ ನಿಂತ ಭಂಗಿಯಲ್ಲಿದ್ದರೆ ‘ಗೋ’ ತನ್ನ ತೂಕದಿಂದಲೇ ಇಳಿಯಬೇಕು, ಒತ್ತಿ ತಿರುಗಿಸಿದರೆ ಗೇಜ್ ಸವೆಯುತ್ತದೆ, ಮೆದು ಅಲ್ಯುಮಿನಿಯಂ ಗೀರುತ್ತದೆ. ಸವೆದ ‘ಗೋ’ ಸಣ್ಣ ಹೋಲನ್ನೂ ಪಾಸ್ ಮಾಡುತ್ತದೆ, ಆದ್ದರಿಂದ ಗೇಜನ್ನೇ ಕಾಲಕಾಲಕ್ಕೆ ಕ್ಯಾಲಿಬ್ರೇಶನ್ನಿಗೆ ಕಳಿಸಬೇಕು.

ಪ್ರಶ್ನೆ: ಪ್ಯಾಟರ್ನಿನಲ್ಲಿ ಹೇಳಿದಷ್ಟೇ ಹೊಲಿಗೆ ಹಾಕಿ ಹೆಣೆದೆ. ಸ್ವೆಟರ್ ಜೋಲಾಯಿತು. (ಕೋಥ್ರೂಡ್, ಪುಣೆ)

ಉತ್ತರ: ಪ್ಯಾಟರ್ನಿನ ಮೇಲ್ಗಡೆ ಬರೆದ ಗೇಜನ್ನು ಬಿಟ್ಟುಬಿಟ್ಟಿರಬೇಕು. 10 ಸೆಂ.ಮೀ.ಗೆ 22 ಹೊಲಿಗೆ ಎಂದಿದ್ದರೆ 100 ಸೆಂ.ಮೀ. ಎದೆಗೆ 220 ಹೊಲಿಗೆ. ನಿಮ್ಮ ಕೈ ಸಡಿಲವಿದ್ದು 20 ಹೊಲಿಗೆಗೇ 10 ಸೆಂ.ಮೀ. ಆದರೆ ಆ 220 ಹೊಲಿಗೆ 110 ಸೆಂ.ಮೀ. ಆಗುತ್ತದೆ. ಮೊದಲು 15 ಸೆಂ.ಮೀ. ಚೌಕದ ತುಂಡು ಹೆಣೆದು, ಒಗೆದು, ಹಾಸಿ ಒಣಗಿಸಿ, ನಡುವಿನ 10 ಸೆಂ.ಮೀ.ಯಲ್ಲಿ ಹೊಲಿಗೆ ಎಣಿಸಿ. ಅಂಚಿನವು ಯಾವಾಗಲೂ ಎಳೆದುಕೊಂಡಿರುತ್ತವೆ, ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹೊಲಿಗೆ ಕಡಿಮೆ ಬಂದರೆ ಒಂದು ಸೈಜ್ ತೆಳ್ಳಗಿನ ಸೂಜಿ ತೆಗೆದುಕೊಳ್ಳಿ. ನಮ್ಮಲ್ಲಿ ಸಿಗುವ ಹಳೆಯ ನಂಬರಿನ ಸೂಜಿಗಳಲ್ಲಿ 8 ಎಂದರೆ 4 ಮಿ.ಮೀ., 10 ಎಂದರೆ 3.25. ಮೇಲೆ ಹೇಳಿದ ತಂತಿಯ ಪಟ್ಟಿಯಲ್ಲೂ 10ರ ಅಳತೆ 3.25 ಮಿ.ಮೀ. ಎಂಬುದನ್ನು ಗಮನಿಸಿ. ಸೂಜಿಗೂ ತಂತಿಗೂ ನಂಟಿದೆ.

ಪ್ರಶ್ನೆ: ಗೇಜ್ ಎಂಬುದಕ್ಕೆ ಕನ್ನಡದಲ್ಲಿ ಏನು ಬರೆಯಲಿ? ಕೆಲವರು ‘ಗಾಜ್’ ಎಂದೂ ಬರೆಯುತ್ತಾರೆ. (ಮುಲುಂಡ್, ಭಾಷಾಂತರದ ಕೆಲಸ)

ಉತ್ತರ: ಉಚ್ಚಾರ ಗೇಜ್ ಎಂದೇ. ಆಸ್ಪತ್ರೆಯ ಗಾಜ್ ಗಾಯಕ್ಕೆ ಕಟ್ಟುವ ಜಾಳು ಬಟ್ಟೆ, ಇಂಗ್ಲಿಷಿನಲ್ಲೂ ಅದು ಬೇರೆ ಶಬ್ದ. ಉಪಕರಣವಾದರೆ ಮಾಪಕ: ಒತ್ತಡಮಾಪಕ, ಮಳೆಮಾಪಕ. ರೈಲಿಗೆ ಬ್ರಾಡ್‌ಗೇಜ್ ಎಂದೇ ಬಿಡಿ, ಪತ್ರಿಕೆ ಓದುವ ಎಲ್ಲರಿಗೂ ತಿಳಿಯುತ್ತದೆ. ಜನರ ಮನಸ್ಸು ಗೇಜ್ ಮಾಡುವುದೆಂದರೆ ಅಂದಾಜು ಹಾಕುವುದು, ನಾಡಿ ಹಿಡಿಯುವುದು. ತಂತಿ, ತಗಡಿನ ಸಂಖ್ಯೆಯನ್ನು ಮಾತ್ರ ‘ದಪ್ಪ’ ಎಂದು ತಿರುಗಿಸಬೇಡಿ. ‘24 ದಪ್ಪದ ತಗಡು’ ಎಂದು ಓದಿದವನು 22ಕ್ಕಿಂತ ಗಟ್ಟಿಯಾದದ್ದು ಎಂದುಕೊಳ್ಳುತ್ತಾನೆ. ಗೇಜ್ ಎಂದು ಉಳಿಸಿ, ಪಕ್ಕದಲ್ಲಿ ಮಿಲಿಮೀಟರ್ ಕೊಡಿ.

ಪ್ರಶ್ನೆ: ಟೆರೇಸಿನಲ್ಲಿ ಬಕೆಟ್ ಇಟ್ಟು ಮಳೆ ಅಳೆದರೆ ಸಾಂತಾಕ್ರೂಜ್ ಹವಾಮಾನ ಕಚೇರಿಯ ಅಂಕಿಗಿಂತ ಯಾವಾಗಲೂ ಬಹಳ ಹೆಚ್ಚು ಬರುತ್ತದೆ. (ಕುರ್ಲಾ)

ಉತ್ತರ: ಊರಿಂದೂರಿಗೆ ಮಳೆ ಬೇರೆ ಎಂಬುದು ನಿಜ. 2005ರ ಜುಲೈ 26ರ ಮಳೆಯಲ್ಲಿ ಸಾಂತಾಕ್ರೂಜ್ 24 ಗಂಟೆಗೆ 944 ಮಿ.ಮೀ. ಕಂಡಿತು, ಕೊಲಾಬಾ ಬರೀ 73. ಆದರೆ ಯಾವಾಗಲೂ ಹೆಚ್ಚೇ ಬರುವುದಕ್ಕೆ ಬಕೆಟ್ಟಿನ ಆಕಾರ ಕಾರಣ. ಬಾಯಿ ಅಗಲ, ತಳ ಕಿರಿದು. ಬಾಯಿ 30 ಸೆಂ.ಮೀ., ತಳ 22, ಎತ್ತರ 30 ಇರುವ ಬಕೆಟ್ಟಿಗೆ 100 ಮಿ.ಮೀ. ಮಳೆ ಬಿದ್ದರೆ ಒಳಗೆ ನೀರು ನಿಲ್ಲುವುದು ಸುಮಾರು 155 ಮಿ.ಮೀ. ಎತ್ತರಕ್ಕೆ. ಸ್ಕೇಲ್ ಇಳಿಬಿಟ್ಟು ಓದಬೇಡಿ, ನೀರನ್ನು ಲೀಟರಿನಲ್ಲಿ ಅಳೆಯಿರಿ. ಒಂದು ಚದರ ಮೀಟರಿಗೆ ಒಂದು ಲೀಟರ್ ಬಿದ್ದರೆ ಒಂದು ಮಿಲಿಮೀಟರ್ ಮಳೆ. ನಿಮ್ಮ ಬಕೆಟ್ಟಿನ ಬಾಯಿ 0.0707 ಚದರ ಮೀಟರ್. 7.07 ಲೀಟರ್ ಸಿಕ್ಕಿದರೆ ಮಳೆ 100 ಮಿ.ಮೀ. ಪ್ಯಾರಾಪೆಟ್ ಗೋಡೆಯಿಂದಲೂ ನೀರಿನ ಟ್ಯಾಂಕಿನಿಂದಲೂ ದೂರವಿಡಿ, ತಳದಲ್ಲಿ ಇಟ್ಟಿಗೆ ಕಟ್ಟಿ ಗಾಳಿಗೆ ಅಲುಗದಂತೆ ನೋಡಿಕೊಳ್ಳಿ. ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಓದುತ್ತಾರೆ. ನೀವೂ ಅದೇ ಹೊತ್ತಿಗೆ ಅಳೆದು, ಬಕೆಟ್ ಖಾಲಿ ಮಾಡಿ, ಮತ್ತೆ ಅಲ್ಲೇ ಇಡಿ.